ಆರು ದಿನ, ಐದು ಆಟ, ಒಂದು ಪ್ರಶ್ನೆ

ನ್ಯಾಶ್‌ವಿಲ್‌ನಲ್ಲಿ ನಾನು ಭಾನುವಾರ ಬೆಳಿಗ್ಗೆ ನಡೆಯೋಕೆ ಹೋಗುವ ಜಾಗ ಪರ್ಸಿ ವಾರ್ನರ್ ಪಾರ್ಕ್. ಪಾರ್ಕ್ ಅಂದ ಕೂಡಲೇ ನಾಲ್ಕು ಬೆಂಚು, ಒಂದು ಜಾರುಬಂಡೆ ಕಲ್ಪಿಸಿಕೊಳ್ಳಬೇಡಿ. ಇದು ಕಾಡು, ಗುಡ್ಡ. ಏದುಸಿರು ಬಿಡುತ್ತಾ ಹತ್ತಿದರೆ ಒಂದು ಎತ್ತರದ ದಿಬ್ಬ ಸಿಗುತ್ತದೆ. ಅಲ್ಲಿ ನಿಂತರೆ ದೂರದಲ್ಲಿ ಊರಿನ ದೊಡ್ಡ ಕಟ್ಟಡಗಳೆಲ್ಲ ಬೆಂಕಿಪೊಟ್ಟಣಗಳನ್ನು ನಿಲ್ಲಿಸಿದ ಹಾಗೆ ಕಾಣುತ್ತವೆ. ಆ ದಿಬ್ಬದ ಹೆಸರು ಲ್ಯೂಕ್ ಲೀ ಹೈಟ್ಸ್.

ಲ್ಯೂಕ್ ಲೀ ಯಾರು ಅಂತ ಎಂಟು ತಿಂಗಳು ನಾನು ಕೇಳಲೇ ಇಲ್ಲ. ಬೆಂಗಳೂರಲ್ಲಿದ್ದಾಗ ದಿನಾ ಓಡಾಡುತ್ತಿದ್ದ ರಸ್ತೆಯ ಹೆಸರು ಯಾರದ್ದು ಅಂತಲೂ ಕೇಳಿದವಳಲ್ಲ ಬಿಡಿ. ಒಂದು ದಿನ ಮಳೆ ಬಂದು ಕಾರಲ್ಲೇ ಕೂರಬೇಕಾಯಿತು. ಫೋನ್ ಕೈಲಿತ್ತು. ಹುಡುಕಿದೆ. ಈ ಪಾರ್ಕಿನ ಜಾಗವನ್ನು 1927ರಲ್ಲಿ ಊರಿಗೆ ದಾನ ಕೊಟ್ಟವನು, ತನ್ನ ಮಾವನ ಹೆಸರಿಡಿಸಿದವನು ಇದೇ ಲೀ. ಅಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ. ಇನ್ನೆರಡು ಸಾಲು ಕೆಳಗೆ ಹೋದೆ, ಅಲ್ಲಿ 1899ರ ಒಂದು ಫುಟ್‌ಬಾಲ್ ತಂಡದ ವಿಷಯ ಇತ್ತು. ಮಳೆ ನಿಂತು ಅರ್ಧ ಗಂಟೆ ಆದರೂ ನಾನು ಕಾರಿಂದ ಇಳಿದಿರಲಿಲ್ಲ.

ಫುಟ್‌ಬಾಲ್ ಅಂದರೆ ಇಲ್ಲಿಯದು, ಅಮೆರಿಕನ್ ಫುಟ್‌ಬಾಲ್. ಕಾಲಿಗಿಂತ ಕೈಗೆ, ಕೈಗಿಂತ ಭುಜಕ್ಕೆ ಜಾಸ್ತಿ ಕೆಲಸ. ಆದರೆ ಟಿವಿಯಲ್ಲಿ ಈಗ ನೋಡುವ ಆಟವನ್ನು ಸ್ವಲ್ಪ ಮರೆತುಬಿಡಿ. 1899ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯೋ ಹಾಗೇ ಇರಲಿಲ್ಲ. ಆ ನಿಯಮ ಬಂದದ್ದು 1906ರಲ್ಲಿ. ಎದೆಗವಚಿಕೊಂಡು ನುಗ್ಗಬೇಕು, ಎದುರಿನವರು ಕೆಡವಬೇಕು. ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ರೈಡರ್ ಮೇಲೆ ಏಳು ಜನ ಬೀಳ್ತಾರಲ್ಲ, ಇಲ್ಲಿ ಹನ್ನೊಂದು ಜನ, ಅದೂ ಎರಡೂ ಕಡೆಯಿಂದ. ತಲೆಗೆ ಹೆಲ್ಮೆಟ್ ಹಾಕಲೇಬೇಕು ಅನ್ನೋ ನಿಯಮ ಇರಲಿಲ್ಲ. ಅರ್ಧಕ್ಕೆ 35 ನಿಮಿಷದಂತೆ ಎರಡು ಅರ್ಧ. ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವ ಹಾಗಿಲ್ಲ. ಹಾಗಾಗಿ ಪೆಟ್ಟಾದವನೂ ಹೊರಗೆ ಹೋಗುತ್ತಿರಲಿಲ್ಲ.

ತಂಡದ ಹೆಸರು ಸುವಾನಿ. ಟೆನ್ನೆಸ್ಸಿ ರಾಜ್ಯದ ಗುಡ್ಡದ ಮೇಲಿನ ಪುಟ್ಟ ಊರು ಅದು. ಅಲ್ಲಿರುವ ವಿಶ್ವವಿದ್ಯಾಲಯದ ಅಧಿಕೃತ ಹೆಸರು ಯೂನಿವರ್ಸಿಟಿ ಆಫ್ ದಿ ಸೌತ್. ಚರ್ಚಿನವರು ಕಟ್ಟಿದ್ದು. ಆಗ ಗಂಡು ಹುಡುಗರಿಗೆ ಮಾತ್ರ, ಅದರಲ್ಲೂ ಬಿಳಿಯರಿಗೆ ಮಾತ್ರ. ಕೋಚ್ ಬಿಲ್ಲಿ ಸೂಟರ್, ಕ್ಯಾಪ್ಟನ್ ಹೆನ್ರಿ ಸೈಬಲ್ಸ್, ಮ್ಯಾನೇಜರ್ ಇಪ್ಪತ್ತು ವರ್ಷದ ವಿದ್ಯಾರ್ಥಿ, ನಮ್ಮ ದಿಬ್ಬದ ಲ್ಯೂಕ್ ಲೀ.

ಮ್ಯಾನೇಜರ್ ಅಂದರೆ ಯಾರ ಜೊತೆ ಆಡೋದು, ಯಾವತ್ತು, ಯಾವ ರೈಲು, ಎಷ್ಟು ದುಡ್ಡು, ಎಲ್ಲಾ ಅವನೇ. ಆ ವರ್ಷ ಅವನು ತಯಾರಿಸಿದ ವೇಳಾಪಟ್ಟಿಯ ಮಧ್ಯಭಾಗ ಹೀಗಿತ್ತು: ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯುಲೇನ್. ಭಾನುವಾರ ರಜೆ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯ.

ಇದನ್ನ ಓದಿದಾಗ ನನಗೆ ಮೊದಲು ಅನಿಸಿದ್ದು, ಏನೋ ಪ್ರಿಂಟ್ ತಪ್ಪಿರಬೇಕು ಅಂತ. ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ 500 ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರ ರಾತ್ರಿಯ ರೈಲಲ್ಲಿ ಹೋಗಿ ಮರುದಿನ ಮೈದಾನಕ್ಕಿಳಿಯಬೇಕು. ನಾನು ಹಾಸನದಿಂದ ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಬಂದ ಮರುದಿನ ಆಫೀಸಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತರೆ ಅದೇ ದೊಡ್ಡ ಸಾಧನೆ ಅಂದುಕೊಳ್ಳುತ್ತಿದ್ದೆ.

ಸುಮಾರು ಇಪ್ಪತ್ತು ಹುಡುಗರು, ಮಲಗುವ ಸೌಕರ್ಯದ ಒಂದು ರೈಲು ಬೋಗಿ. ಜೊತೆಗೆ ಊರಿನ ಚಿಲುಮೆಯ ನೀರು ತುಂಬಿದ ಪೀಪಾಯಿಗಳು. ದಾರಿಯ ನೀರು ಕುಡಿದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಬದಲಿ ಆಟಗಾರರು ಎಲ್ಲಿದ್ದಾರೆ? ನೀರು ಮರೆಯದವರು ಬೂಟು ಮರೆತರಂತೆ! ಆಟದ ಬೂಟುಗಳು ಸುವಾನಿಯಲ್ಲೇ ಉಳಿದುಹೋಗಿ, ಲೀ ಯಾರಿಗೂ ಗಾಬರಿ ತೋರಿಸದೆ ತಂತಿ ಕಳಿಸಿ, ಹಿಂದಿನ ರೈಲಲ್ಲಿ ತರಿಸಿಕೊಂಡ ಅಂತ ಕಥೆ. ಇದರಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, ಆದರೆ ಸುವಾನಿಯವರು ಈ ಕಥೆಯನ್ನು ಬಿಟ್ಟುಕೊಡೋದಿಲ್ಲ.

ಫಲಿತಾಂಶ ಕೇಳಿ. ಟೆಕ್ಸಸ್ ವಿರುದ್ಧ 12-0. ಎ ಅಂಡ್ ಎಂ ವಿರುದ್ಧ 10-0. ಟ್ಯುಲೇನ್ 23-0. ಎಲ್‌ಎಸ್‌ಯು 34-0. ಮಿಸಿಸಿಪಿ 12-0. ಆರು ದಿನ, ಐದು ಆಟ, 91 ಪಾಯಿಂಟ್, ಎದುರಾಳಿಗಳಿಗೆ ಸೊನ್ನೆ. ಹೋಗಿಬಂದ ದೂರ ಸುಮಾರು 2,500 ಮೈಲಿ, ಅಂದರೆ ನಾಲ್ಕು ಸಾವಿರ ಕಿಲೋಮೀಟರ್.

ಇಡೀ ಸೀಸನ್ನಿನಲ್ಲಿ ಹನ್ನೆರಡು ಆಟ, ಹನ್ನೆರಡೂ ಗೆಲುವು. ಗಳಿಸಿದ್ದು 322, ಬಿಟ್ಟುಕೊಟ್ಟದ್ದು ಬರೀ 10. ಆ ಹತ್ತೂ ಒಂದೇ ದಿನ ಬಂದದ್ದು. ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಮಾಂಟ್‌ಗೊಮರಿ ಊರಿನಲ್ಲಿ ಆಬರ್ನ್ ತಂಡದ ವಿರುದ್ಧ. ಆಬರ್ನ್ ಕೋಚ್ ಯಾರು ಗೊತ್ತಾ? ಜಾನ್ ಹೈಸ್‌ಮನ್. ಇವತ್ತು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ, ಹೈಸ್‌ಮನ್ ಟ್ರೋಫಿ, ಇದೇ ಮಹಾನುಭಾವರ ಹೆಸರಲ್ಲಿದೆ. ಆಟ ಮುಗಿದಾಗ ಸುವಾನಿ 11, ಆಬರ್ನ್ 10. ಆಗ ಟಚ್‌ಡೌನ್‌ಗೆ ಐದು ಪಾಯಿಂಟ್, ಆಮೇಲಿನ ಒದೆತ ಗೋಲಾದರೆ ಒಂದು. ಅಂದರೆ ಇಡೀ ದಂತಕಥೆ ಒಂದು ಒದೆತದ ಮೇಲೆ ನಿಂತಿದೆ. ಹೈಸ್‌ಮನ್ ಅಂಪೈರ್ ಮೇಲೆ ಸಿಟ್ಟಾಗಿ ಪತ್ರಿಕೆಗೇ ಬರೆದರು. ಅಂಪೈರ್ ಸರಿ ಇರಲಿಲ್ಲ ಅನ್ನೋದು 1899ರಲ್ಲೂ ಇತ್ತು, ನೋಡಿ. ಎರಡು ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕೆರೊಲೈನಾವನ್ನೂ 5-0ಯಿಂದ ಸೋಲಿಸಿ ಸೀಸನ್ ಮುಗಿಸಿದರು.

ಈ ಕಥೆ ನನ್ನ ತಲೆಗೆ ಹತ್ತಿಬಿಟ್ಟಿತು. ಎಷ್ಟರ ಮಟ್ಟಿಗೆ ಅಂದರೆ, ಅದನ್ನ ಆಫೀಸಿಗೆ ತಗೊಂಡು ಹೋದೆ.

ನನ್ನ ಕೆಲಸದ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಿಮ್ಮಲ್ಲಿ ಅರ್ಧ ಜನರ ಕೆಲಸವೂ ಅದೇ. ನಾನು ಇಲ್ಲಿ, ತಂಡದ ಒಂಬತ್ತು ಜನ ಬೆಂಗಳೂರಲ್ಲಿ. ಕ್ಲೈಂಟ್ ಒಂದು ತಾರೀಖು ಕೊಟ್ಟಿದ್ದರು. ಎರಡು ವಾರದ ಕೆಲಸ ಒಂದು ವಾರದಲ್ಲಿ ಆಗಬೇಕಿತ್ತು. ಗುರುವಾರದ ಕಾಲ್‌ನಲ್ಲಿ ನಾನು ಒಂದು ಸ್ಲೈಡ್ ಹಾಕಿದೆ: ಸುವಾನಿ ತಂಡದ ಹಳೇ ಫೋಟೋ, ಕೆಳಗೆ ಐದು ಸ್ಕೋರುಗಳು. ನಾಲ್ಕು ನಿಮಿಷ ಉತ್ಸಾಹದಿಂದ ಕಥೆ ಹೇಳಿದೆ. ಕೆಲವರು ಚಪ್ಪಾಳೆಯ ಇಮೋಜಿ ಹಾಕಿದರು. ಕ್ಯಾಮೆರಾ ಯಾರೂ ಆನ್ ಮಾಡಿರಲಿಲ್ಲ, ಅದನ್ನೇ ನಾನು ಗಮನಿಸಬೇಕಿತ್ತು.

ಕಾಲ್ ಮುಗಿದ ಮೇಲೆ ತಂಡದ ಅತ್ಯಂತ ಚಿಕ್ಕವಳು, ಶಿವಮೊಗ್ಗದ ಕಡೆ ಹುಡುಗಿ, ವಾಟ್ಸಾಪ್ ಮಾಡಿದಳು. ಕಾಲ್‌ನಲ್ಲಿ ನನ್ನ ಹೆಸರು ಹಿಡಿದು ಮಾತಾಡುತ್ತಾಳೆ, ವಾಟ್ಸಾಪಲ್ಲಿ ಮಾತ್ರ ಅಕ್ಕ.

'ಅಕ್ಕಾ, ಕಥೆ ಚೆನ್ನಾಗಿತ್ತು. ಒಂದ್ ಡೌಟು. ಅವ್ರು ಯಾಕೆ ಆರು ದಿನದಲ್ಲಿ ಐದು ಆಡ್ಬೇಕಾಗಿತ್ತು?'

ಉತ್ತರ ಟೈಪ್ ಮಾಡೋಕೆ ಹೋದೆ. ಬೆರಳು ನಿಂತಿತು. ನಾನು ಸ್ಕೋರುಗಳೆಲ್ಲ ಬಾಯಿಪಾಠ ಮಾಡಿದ್ದೆ, ಅವರು ಯಾಕೆ ಹೊರಟರು ಅಂತ ಓದಿಯೇ ಇರಲಿಲ್ಲ.

ಆ ರಾತ್ರಿ ಓದಿದೆ. ಕಾರಣ ಏನಿರಬಹುದು ಅಂದುಕೊಂಡಿರಿ? ವೀರಾವೇಶ, ಸವಾಲು? ಅಲ್ಲ. ಟಿಕೆಟ್ ದುಡ್ಡು.

ಸುವಾನಿಗೆ ಪ್ರತಿವರ್ಷ ದೊಡ್ಡ ಆದಾಯ ತರುತ್ತಿದ್ದದ್ದು ಇದೇ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ಆಟ. ಬದ್ಧವೈರಿಗಳು, ಜನ ಮುಗಿಬೀಳುತ್ತಿದ್ದರು. ಆ ವರ್ಷ ಗೇಟಿನಲ್ಲಿ ಬಂದ ಹಣ ಹಂಚಿಕೊಳ್ಳುವ ವಿಷಯಕ್ಕೆ ಎರಡೂ ಕಡೆಯವರಿಗೆ ಜಗಳವಾಗಿ ಆಟವೇ ರದ್ದಾಯಿತು. ಲೀ ಆ ಹಣವನ್ನು ಬೇರೆಲ್ಲಿಂದಾದರೂ ತರಬೇಕಿತ್ತು. ದೂರದ ದೊಡ್ಡ ಊರುಗಳ ತಂಡಗಳಿಗೆ ಬರೆದ, ಒಪ್ಪಿಸಿದ. ರೈಲಿನ ಖರ್ಚು ಹುಟ್ಟಬೇಕಾದರೆ ಒಂದೇ ಸುತ್ತಿನಲ್ಲಿ ಆದಷ್ಟು ಆಟ ಆಡಿಸಬೇಕು. ಹಾಗಾಗಿ ಆರು ದಿನಕ್ಕೆ ಐದು. ಆಗಿನ ಕಾಲಕ್ಕೂ ಅದು ಸಹಜ ವೇಳಾಪಟ್ಟಿ ಆಗಿರಲಿಲ್ಲ.

ಲೀ ದಡ್ಡನೂ ಅಲ್ಲ, ಕ್ರೂರಿಯೂ ಅಲ್ಲ. ಭಲೇ ಚುರುಕಿನ ಮನುಷ್ಯ. ಮುಂದೆ ನ್ಯಾಶ್‌ವಿಲ್‌ನ 'ಟೆನ್ನೆಸ್ಸಿಯನ್' ಪತ್ರಿಕೆ ಶುರುಮಾಡಿದ. ಮೂವತ್ತೆರಡು ದಾಟುವ ಮೊದಲೇ ಅಮೆರಿಕದ ಸೆನೆಟರ್ ಆದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಕೈಸರ್‌ನನ್ನು ಹಿಡಿದು ತರುತ್ತೇನೆ ಅಂತ ಕೆಲವು ಸೈನಿಕರನ್ನು ಕಟ್ಟಿಕೊಂಡು ಕಾರಿನಲ್ಲಿ ಹೋಗಿಬಿಟ್ಟ. ಕೋಟೆಯೊಳಗೆ ಹೋಗಿ ಕೂತದ್ದೂ ಹೌದು, ಕೈಸರ್ ಸಿಗಲಿಲ್ಲ. ತಂಡದಲ್ಲೊಬ್ಬ ಅಲ್ಲಿಂದ ಒಂದು ಆಶ್‌ಟ್ರೇ ಎತ್ತಿಕೊಂಡು ಬಂದ. ಸೈನ್ಯದಿಂದ ಲೀಗೆ ಛೀಮಾರಿ. ಆಮೇಲೆ ಬ್ಯಾಂಕ್ ವ್ಯವಹಾರದಲ್ಲಿ ಜೈಲನ್ನೂ ನೋಡಿದ, ಕೊನೆಗೆ ಕ್ಷಮಾದಾನ ಸಿಕ್ಕಿತು. ಒಬ್ಬನೇ ಮನುಷ್ಯನಿಗೆ ಇಷ್ಟೆಲ್ಲ ಹೇಗೆ ಸಾಧ್ಯ ಅನ್ನುವುದಕ್ಕೆ ಬೇರೆಯೇ ಅಂಕಣ ಬೇಕು. ನನಗೆ ಬೇಕಾದದ್ದು ಅವನ ಇಪ್ಪತ್ತನೇ ವಯಸ್ಸು. ಲೆಕ್ಕ ಸರಿದೂಗಿಸಿದ್ದು ಅವನು, ಪೆಟ್ಟು ತಿಂದದ್ದು ಬೇರೆಯವರು.

ಆ ಬೇರೆಯವರಲ್ಲಿ ಒಬ್ಬ ಆರ್ಮಂಡ್ ಸಿಮ್‌ಕಿನ್ಸ್. ಫುಲ್‌ಬ್ಯಾಕ್. ಅಂದರೆ ಚೆಂಡು ಹಿಡಿದು ಎದುರಿನ ಗೋಡೆಗೆ ನುಗ್ಗುವವನು, ಎದುರಿನವರು ನುಗ್ಗಿದರೆ ತಡೆಯುವವನು. ತಂಡದ ಅತ್ಯುತ್ತಮ ಆಟಗಾರ ಅವನೇ ಅಂತ ಅನೇಕರ ಮಾತು. ಆ ಕಾಲದ ಪೆಟ್ಟುಗಳು ಅವನ ಕಾಲುಗಳನ್ನು ಬಿಡಲಿಲ್ಲ, ಮುಂದೆ ಕತ್ತರಿಸಲೇಬೇಕಾಯಿತು ಅಂತ ಸುವಾನಿಯ ಕಥೆ ಹೇಳುವವರೇ ಹೇಳುತ್ತಾರೆ. ಸಾಮಾನ್ಯವಾಗಿ ಈ ಸಾಲು ಕೊನೆಯಲ್ಲಿ ಬರುತ್ತದೆ, ಚಪ್ಪಾಳೆ ಎಲ್ಲ ಮುಗಿದ ಮೇಲೆ. ನನ್ನ ಸ್ಲೈಡಿನಲ್ಲಂತೂ ಇರಲೇ ಇಲ್ಲ.

ತಂಡದ ಜೊತೆ ಕ್ಯಾಲ್ ಬರೋಸ್ ಎಂಬ ಟ್ರೇನರ್ ಕೂಡ ಹೋಗಿದ್ದ. ರೈಲು ಓಡುತ್ತಿದ್ದಾಗ ಹುಡುಗರ ಮೈಕೈ ತಿಕ್ಕಿ ಮರುದಿನದ ಆಟಕ್ಕೆ ಎಬ್ಬಿಸಿ ನಿಲ್ಲಿಸುವುದು ಅವನ ಪಾಲಿನ ಕೆಲಸ. ಆಟಗಾರರನ್ನು 'ಐರನ್ ಮೆನ್' ಅಂತ ಕರೆದರು, ಉಕ್ಕಿನ ಮನುಷ್ಯರು. ಉಕ್ಕಿಗೆ ದಿನಾ ರಾತ್ರಿ ಎಣ್ಣೆ ಹಚ್ಚುವವನ ಹೆಸರು ಕೇಳಿದವರು ಕಡಿಮೆ.

ಈ ಆಟ ಆ ದಿನಗಳಲ್ಲಿ ಎಷ್ಟು ಅಪಾಯದ್ದಾಗಿತ್ತು ಅಂದರೆ, 1905ರ ಒಂದೇ ವರ್ಷ ಸುಮಾರು 18 ಹುಡುಗರು ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಅಂದರು. ಮರುವರ್ಷವೇ ನಿಯಮ ಬದಲಾಯಿತು: ಚೆಂಡು ಮುಂದಕ್ಕೆ ಎಸೆಯಬಹುದು, ಐದು ಗಜದ ಬದಲು ಹತ್ತು ಗಜ. ಒಬ್ಬರ ಮೇಲೊಬ್ಬರು ಬೀಳುವ ಬದಲು ಮೈದಾನದ ತುಂಬ ಹರಡಿಕೊಂಡು ಆಡಲಿ ಅಂತ. ಸುವಾನಿ ಹುಡುಗರು ಆಡಿದ್ದು ಅದಕ್ಕೆ ಏಳು ವರ್ಷ ಮೊದಲು.

ಶನಿವಾರ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಸುವಾನಿ ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಹೈವೇ ಮಾಂಟೀಗಲ್ ಹತ್ತಿರ ಗುಡ್ಡ ಹತ್ತುತ್ತದೆ. ಸಕಲೇಶಪುರದ ಹತ್ತಿರ ಮಂಜು ಮುಸುಕುತ್ತಲ್ಲ, ಹಾಗೇ ಸುಮಾರು 2,000 ಅಡಿ ಎತ್ತರದಲ್ಲಿ ಊರಿಗೆ ಊರೇ ಮಂಜಿನೊಳಗಿತ್ತು. ಕಲ್ಲಿನ ಕಟ್ಟಡಗಳು, ದೊಡ್ಡ ಚರ್ಚು, ಮರಗಳು. ಜೋರಾಗಿ ಮಾತಾಡಲು ಸಂಕೋಚವಾಗುವಂಥ ಊರು. ಈಗ ಹೆಣ್ಣುಮಕ್ಕಳೂ ಓದುತ್ತಾರೆ, 1969ರಿಂದ.

ಮೈದಾನಕ್ಕೆ ಹೋದೆ. ಅವತ್ತು ಆಟ ಇರಲಿಲ್ಲ. ಒಬ್ಬರು ನಾಯಿಯನ್ನು ಓಡಾಡಿಸುತ್ತಿದ್ದರು. ನಮ್ಮೂರಿನ ಒಂದು ದೊಡ್ಡ ಹೈಸ್ಕೂಲ್ ಮೈದಾನಕ್ಕೆ ಒಳ್ಳೆ ಗ್ಯಾಲರಿ ಕಟ್ಟಿದರೆ ಎಷ್ಟಾಗುತ್ತದೋ ಅಷ್ಟೇ. ಆ ಆರು ದಿನಗಳಲ್ಲಿ ಇವರಿಗೆ ಸೋತ ಟೆಕ್ಸಸ್, ಎ ಅಂಡ್ ಎಂ, ಎಲ್‌ಎಸ್‌ಯು ಕ್ರೀಡಾಂಗಣಗಳಲ್ಲಿ ಇವತ್ತು ತಲಾ ಒಂದು ಲಕ್ಷ ಜನ ಕೂರಬಹುದು. ಅವರ ಕೋಚ್‌ಗಳ ಸಂಬಳ ಕೇಳಿದರೆ ತಲೆ ತಿರುಗುತ್ತದೆ.

ಸುವಾನಿ ಆ ದಾರಿ ಹಿಡಿಯಲು ಒಮ್ಮೆ ನೋಡಿತ್ತು. 1932ರಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಎಸ್‌ಇಸಿ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಇದೂ ಒಂದು. ಎಂಟು ಸೀಸನ್, ಒಕ್ಕೂಟದೊಳಗಿನ 37 ಆಟ. ಎಷ್ಟು ಗೆಲುವು ಅಂದುಕೊಂಡಿರಿ? ಒಂದೂ ಇಲ್ಲ. ಮೂವತ್ತೇಳಕ್ಕೆ ಮೂವತ್ತೇಳೂ ಸೋಲು. 1940ರಲ್ಲಿ ಒಕ್ಕೂಟ ಬಿಟ್ಟು ಹೊರಬಂದರು. ಆಟ ಆಡಿದ್ದಕ್ಕೆ ವಿದ್ಯಾರ್ಥಿವೇತನ ಕೊಟ್ಟು ಹುಡುಗರನ್ನು ಕರೆತರುವುದು ಬೇಡ, ಓದಲು ಬಂದವರು ಆಡಲಿ ಅಂತ ತೀರ್ಮಾನಿಸಿದರು. ಈಗಲೂ ಹಾಗೇ ಆಡುತ್ತಾರೆ, ಮೂರನೇ ದರ್ಜೆಯ ವಿಭಾಗದಲ್ಲಿ.

1899ರ ಹನ್ನೆರಡು ಗೆಲುವಿಗಿಂತ ಈ ಮೂವತ್ತೇಳು ಸೋಲಿನ ಹತ್ತಿರವೇ ನನ್ನ ಮನಸ್ಸು ಜಾಸ್ತಿ ಹೊತ್ತು ನಿಂತಿತು ಅಂದರೆ ನೀವು ನಗಬಹುದು. ಎಂಟು ವರ್ಷ ಆ ಬೂಟು ಹಾಕಿಕೊಂಡು ಮೈದಾನಕ್ಕಿಳಿದವರ ಹೆಸರು ಎಲ್ಲೂ ಕಾಣಲಿಲ್ಲ. ಅವರಿಗೂ ಮೈಕೈ ನೊಂದಿರುತ್ತದಲ್ವಾ?

ಹಾಗಂತ ಆ ಐದು ಆಟದ ಸಂಭ್ರಮ ನನಗೆ ಹೋಗಿಲ್ಲ. ಎಲ್‌ಎಸ್‌ಯು ಮೇಲೆ 34-0 ಅಂತ ಓದಿದಾಗ ಈಗಲೂ ಮೈ ಜುಂ ಅನ್ನುತ್ತದೆ. ಒಂದು ದಿನವೂ ಮನೆಯ ಮೈದಾನವಿಲ್ಲ, ಎಲ್ಲ ಪರಊರು, ಕಿವಿಗೆ ಬೀಳುವ ಕೂಗೆಲ್ಲ ಎದುರಾಳಿಯದ್ದು. ಆ ಹುಡುಗರು ನಿಜಕ್ಕೂ ಗಟ್ಟಿಗರು. ನನ್ನ ಸ್ಲೈಡಿನ ತಪ್ಪು ಅವರದ್ದಲ್ಲ. ಆ ಫೋಟೋದಲ್ಲಿ ನಾನು ನನ್ನನ್ನು ಸೈಬಲ್ಸ್ ಜಾಗದಲ್ಲಿ, ಕ್ಯಾಪ್ಟನ್ ಅಂತ ಇಟ್ಟುಕೊಂಡಿದ್ದೆ. ನಾನು ಇದ್ದದ್ದು ಲೀ ಜಾಗದಲ್ಲಿ. ಅದೂ ಲೀ ಆದರೂ ಅದೇ ರೈಲಲ್ಲಿ ಹೋಗಿದ್ದ. ನಾನು ರಾತ್ರಿ ಹತ್ತಕ್ಕೆ ಮಲಗುತ್ತಿದ್ದೆ, ಬೆಂಗಳೂರಲ್ಲಿ ಆಗ ಅವರಿಗೆ ಬೆಳಗಾಗಿರುತ್ತಿತ್ತು.

ಮೈದಾನದ ಫೋಟೋ ತೆಗೆದು ಶಿವಮೊಗ್ಗದ ಹುಡುಗಿಗೆ ಕಳಿಸಿದೆ. ಕೆಳಗೆ ಬರೆದೆ: 'ಟಿಕೆಟ್ ದುಡ್ಡಿನ ಜಗಳ. ಅದಕ್ಕೇ ಐದು ಆಡಿದ್ದು.'

ಅಲ್ಲಿ ಮಧ್ಯರಾತ್ರಿ ಆಗಿತ್ತು. ಆದರೂ ತಕ್ಷಣ ನೋಡಿದಳು. ಅಂದರೆ ಇನ್ನೂ ಕೆಲಸ ಮಾಡುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

'ಅಯ್ಯೋ, ಇಷ್ಟು ಚಿಕ್ಕದಾ ಗ್ರೌಂಡು?' ಅಂದಳು. ಒಂದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: 'ನಡುವೆ ಭಾನುವಾರ ರಜಾ ಇತ್ತು ಅಂದ್ರಲ್ಲ ಅಕ್ಕಾ. ನಮ್ಗೂ ಇದ್ಯಾ?'

'ಇದೆ. ಲ್ಯಾಪ್‌ಟಾಪ್ ಮುಚ್ಚು' ಅಂತ ಬರೆದೆ.

ಪಾರ್ಕಿಂಗ್‌ನಲ್ಲೇ ಕೂತು ಕ್ಲೈಂಟಿಗೆ ಮೇಲ್ ಬರೆದೆ. ಇನ್ನೊಂದು ವಾರ ಬೇಕು, ಕಾರಣ ಇಂಥಿಂಥದು, ತಾರೀಖಿಗೆ ಒಪ್ಪಿಕೊಳ್ಳುವಾಗ ನನ್ನ ಅಂದಾಜು ತಪ್ಪಿತ್ತು ಅಂತ. ಮೂರು ಸಲ ಅಳಿಸಿ ಬರೆದೆ. ಕೊನೆಯ ಸಾಲು ಬರೆಯುವುದೇ ಕಷ್ಟವಾಯಿತು.

ಸೋಮವಾರ ಉತ್ತರ ಬಂತು. ವಾರ ಕೊಡಲಿಲ್ಲ, ನಾಲ್ಕು ದಿನ ಕೊಟ್ಟರು.